ಹೊಗೆಗೂಡಿನೊಳಗೊಂದು ಗೂಡು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಾವು ಕೊಂಡ ಹಳೆಯ ಇಟ್ಟಿಗೆ ಮನೆಯ ಹೊಗೆಗೂಡಿನಿಂದ ಮೊದಲ ಜೂನ್‌ನಲ್ಲೇ ದೂರದ ಗುಡುಗಿನಂಥ ಸದ್ದು ಬರತೊಡಗಿತು. ಚಿಮಣಿ ಶುಚಿಮಾಡಲು ಬಂದವನು ಟಾರ್ಚ್ ಹಿಡಿದು ನೋಡಿ, ಒಳಗೆ ಚಿಮಣಿ ಸ್ವಿಫ್ಟ್ ಹಕ್ಕಿ ಮೊಟ್ಟೆಯಿಟ್ಟಿದೆ, ಮರಿಗಳು ಹಾರಿಹೋಗುವ ತನಕ ತಾನು ಬ್ರಷ್ ಇಳಿಸುವಂತಿಲ್ಲ ಎಂದು ಹೇಳಿ ಹೊರಟುಹೋದ. ಮೊಟ್ಟೆಮರಿಗಳಿರುವ ಗೂಡನ್ನು ಕೀಳುವುದು 1918ರ ವಲಸೆ ಹಕ್ಕಿಗಳ ಕಾಯ್ದೆಯಡಿ ಇಲ್ಲಿ ಅಪರಾಧ. (ಚಿಮಣಿಯೆಂದರೆ ಸೀಮೆಎಣ್ಣೆ ಬುಡ್ಡಿಯೆಂದೇ ತಿಳಿದಿದ್ದ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.)

ಅಂಗೈಯಗಲದ ಅರ್ಧ ಬಟ್ಟಲಿನಂಥ ಗೂಡು ಅದು. ಹಾರುತ್ತಲೇ ಒಣಕೊಂಬೆಯ ತುದಿಯನ್ನು ಕಾಲಿನಿಂದ ಮುರಿದು ತಂದು, ಕಡ್ಡಿಗೆ ಕಡ್ಡಿ ಸೇರಿಸಿ, ಎಂಜಲಿನಿಂದಲೇ ಗೋಡೆಗೆ ಅಂಟಿಸಿರುತ್ತದೆ. ಕೊಂಬೆಯ ಮೇಲೆ ಕೂರಲು ಬಾರದ ಈ ಹಕ್ಕಿ ಒರಟು ಗೋಡೆಗೆ ಉಗುರೂರಿ, ಬಾಲದ ಮುಳ್ಳುಗಳನ್ನು ಆನಿಸಿ ಜೋತುಬೀಳಬೇಕು. ನಾಲ್ಕೈದು ಬಿಳಿ ಮೊಟ್ಟೆಗಳಿಗೆ ಗಂಡು ಹೆಣ್ಣು ಎರಡೂ ಸರದಿಯಲ್ಲಿ ಸುಮಾರು 19 ದಿನ ಕಾವು ಕೊಡುತ್ತವೆ. ಮೂರು ವಾರ ತುಂಬುವಷ್ಟರಲ್ಲಿ ಮರಿಗಳು ಗೂಡಿನಿಂದ ಹೊರಬಂದು ಪಕ್ಕದ ಗೋಡೆಗೆ ಅಂಟಿಕೊಳ್ಳುತ್ತವೆ, ತಿಂಗಳಿಗೆ ಹಾರುತ್ತವೆ. ನಮ್ಮೂರ ಕಡೆ ಹಳೆಯ ಕಟ್ಟಡಗಳಲ್ಲಿ, ಸೇತುವೆಗಳಡಿಯಲ್ಲಿ ಗುಂಪುಗುಂಪಾಗಿ ಗೂಡು ಕಟ್ಟುವ ಬಾನಾಡಿ ಎಂಬ ಹಕ್ಕಿಗಳೂ ಇದೇ ಕುಲದವು, ಅವುಗಳದೂ ಎಂಜಲ ಅಂಟೇ. ಆದರೆ ಈ ಹಕ್ಕಿಯ ಪದ್ಧತಿಯಲ್ಲಿ ಒಂದು ಹೊಗೆಗೂಡಿಗೆ ಸಾಮಾನ್ಯವಾಗಿ ಒಂದೇ ಸಂಸಾರ. ಗುಡುಗಿನ ಸದ್ದು ಅವುಗಳ ರೆಕ್ಕೆಯದೆಂದು ಆಮೇಲೆ ತಿಳಿಯಿತು.

ನಮ್ಮಲ್ಲಿ ಇದಕ್ಕೆಲ್ಲ ಕಾಯ್ದೆ ಬೇಕಿಲ್ಲ, ದೇವರ ಪಟದ ಹಿಂದೆ ಗುಬ್ಬಚ್ಚಿ ಗೂಡಿಟ್ಟರೆ ಅಜ್ಜಿ ಪೊರಕೆಯನ್ನೂ ಆ ಕಡೆ ತಾಗಿಸುತ್ತಿರಲಿಲ್ಲ ಎಂದು ನಾನು ಇಲ್ಲಿನ ಗೆಳೆಯರೆದುರು ಜಂಬ ಕೊಚ್ಚಿಕೊಂಡದ್ದುಂಟು. ಆದರೆ ಅದೇ ಹೆಂಚಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದಾಗ ಗುಬ್ಬಚ್ಚಿಯ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮ ಔದಾರ್ಯದಲ್ಲಿ ಅರ್ಧ ಪಾಲು ಜಂತೆಯ ಸಂದಿನದ್ದು.

ಹಾಗೆಂದು ಇಲ್ಲಿನ ಕಾಯ್ದೆಯನ್ನೂ ನಾನು ಪೂರ್ತಿ ಹೊಗಳಲಾರೆ. ಟೊಳ್ಳು ಮರಗಳನ್ನು ಕಡಿದ ಮೇಲೆ ಹೊಗೆಗೂಡಿಗೆ ಒಗ್ಗಿದ ಹಕ್ಕಿಯಿದು. ಶರತ್ಕಾಲದಲ್ಲಿ ಅದು ಅಮೆಜಾನ್ ಕಡೆಗೆ ಹೊರಟ ಮರುದಿನವೇ ಮನೆಯೊಡೆಯ ಜಾಲರಿ ಮುಚ್ಚಳ ಹಾಕಿಸಬಹುದು, ಉಗುರು ನಿಲ್ಲದಷ್ಟು ನುಣುಪಾದ ಲೋಹದ ಕೊಳವೆ ಇಳಿಸಬಹುದು. ಕಾಯ್ದೆ ಕಾಯುವುದು ಮೊಟ್ಟೆಯನ್ನು, ಜಾಗವನ್ನಲ್ಲ. ನನಗೆ ಹೆಚ್ಚು ಮೆಚ್ಚುಗೆಯಾಗುವುದು, 1915ರಲ್ಲಿ ಇಲ್ಲಿನ ಅಯೋವಾ ರಾಜ್ಯದ ಹಳ್ಳಿಯೊಂದರಲ್ಲಿ ಈ ಹಕ್ಕಿಗಳಿಗೆಂದೇ 28 ಅಡಿಯ ಗೋಪುರ ಕಟ್ಟಿಸಿ, ಅವುಗಳ ಸಂಸಾರವನ್ನು ಇಣುಕುಕಿಂಡಿಯಿಂದ ವರ್ಷಗಟ್ಟಲೆ ನೋಡಿ ಬರೆದಿಟ್ಟ ಆಲ್ಥಿಯಾ ಶೆರ್ಮನ್ ಎಂಬ ಹೆಣ್ಣುಮಗಳು. ಇಂದಿಗೂ ಕೆಲವರು ಅಂಥ ಗೋಪುರಗಳನ್ನು ಹಿತ್ತಲಲ್ಲಿ ನಿಲ್ಲಿಸುತ್ತಾರೆ.

ನಮ್ಮ ಮನೆಯ ಹೊಗೆಗೂಡಿಗೂ ಮುಚ್ಚಳವಿದೆ, ಹಿಮ ಬೀಳುವ ತಿಂಗಳುಗಳಿಗೆ ಮಾತ್ರ. ಏಪ್ರಿಲ್ ಬಂದೊಡನೆ ಏಣಿ ಹಾಕಿ ತೆಗೆಸುತ್ತೇನೆ, ತಿಂಗಳ ಕೊನೆಯಿಂದಲೇ ಅಮ್ಮ ಫೋನಿನಲ್ಲಿ, "ಬುಡ್ಡಿ ಹಕ್ಕಿ ಬಂತೇನೋ?" ಎಂದು ವಿಚಾರಿಸಲು ಶುರುಮಾಡುತ್ತಾಳೆ.