ಕುಣಿಯೋಕೆ ಪುರುಸೊತ್ತೆಲ್ಲಿದೆ?

ವಿಷ್ಣುವಿಗೆ ಹತ್ತು ಅವತಾರ ಸಾಕಾಯಿತು. ಒಂದು ಡಾನ್ಸ್ ಟ್ರ್ಯಾಕ್‌ಗೆ ಸಾಲುವುದಿಲ್ಲ. ರೇಡಿಯೋಗೆಂದು ಮೊಟಕು ಮಾಡಿದ ರೇಡಿಯೋ ಎಡಿಟ್, ಉದ್ದಕ್ಕೆ ಎಳೆದ ಎಕ್ಸ್‌ಟೆಂಡೆಡ್ ಮಿಕ್ಸ್, ಕ್ಲಬ್ ಮಿಕ್ಸ್, ಹಾಡುಗಾರಿಕೆ ಹೆಚ್ಚುಕಡಿಮೆ ಕಿತ್ತುಹಾಕಿದ ಡಬ್ ಮಿಕ್ಸ್, ಆಮೇಲೆ ಇಷ್ಟು ವರ್ಷ ತುಂಬಿತು ಅಂತ ಹಳೇ ರೆಕಾರ್ಡಿಂಗಿನ ಸದ್ದನ್ನೇ ಮತ್ತೆ ತಿದ್ದಿದ ಒಂದು ರೀಮಾಸ್ಟರ್. ಹೊರಗಿನವರ ಕಿವಿಗೆ ಎಲ್ಲವೂ ಅದೇ ಡುಂ ಡುಂ. ಅಭಿಮಾನಿಗಳಿಗೆ ಮಾತ್ರ ಇದು ಆಸ್ತಿ ಭಾಗ ಮಾಡಿಕೊಳ್ಳುವಷ್ಟು ಗಂಭೀರ ವಿಷಯ.

ಎಕ್ಸ್‌ಟೆಂಡೆಡ್ ಪಂಗಡದವರನ್ನೇ ನೋಡಿ. ಆ ಮಿಕ್ಸ್ ಶುರುವಾದರೆ ಎಷ್ಟೋ ಸಲ 32 ಬಾರ್ (ಬಾರ್ ಒಂದಕ್ಕೆ ನಾಲ್ಕು ಬಡಿತ) ತನಕ ಬರೀ ಕಿಕ್ ಡ್ರಮ್, ಅಂದರೆ ನಿಮಿಷಕ್ಕೆ 128 ಬಡಿತದ (128 ಬಿಪಿಎಂ) ವೇಗದಲ್ಲಿ ಸರಿಯಾಗಿ ಒಂದು ನಿಮಿಷ. ಅದು ಡಿಜೆಗೆ ಬಿಟ್ಟ ಜಾಗ, ಹಿಂದಿನ ಹಾಡಿನ ತಾಳಕ್ಕೆ ಇದನ್ನು ಹೊಂದಿಸಿಕೊಳ್ಳಲಿ ಅಂತ. ಇವರು ಅದನ್ನು ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. ನಡುವೆ ಮಾತಾಡಿಸಿದರೆ ಮತ್ತೆ ಮೊದಲಿನಿಂದ. ಹೈ-ಹ್ಯಾಟ್ ತಾಳದ ಛಿಕ್ ಛಿಕ್ ಬಂತೋ, "ಆಹಾ, ನೋಡು, ಇದು ರೇಡಿಯೋ ಎಡಿಟ್‌ನಲ್ಲಿ ಇಲ್ಲ!" ಇಲ್ಲ ಮಾರಾಯ, ಇರೋದೇ ಮೂರೂವರೆ ನಿಮಿಷ, ಎಲ್ಲಿ ತುರುಕೋದು?

ಇನ್ನು 'ಮೊದಲು ಬಂದಿದ್ದೇ ಶುದ್ಧ' ಅನ್ನುವವರು. ನ್ಯೂ ಆರ್ಡರ್ ತಂಡದ 'ಬ್ಲೂ ಮಂಡೇ' ಹಾಡಿನ ವಿಷಯ ಬಂದರೆ ಅವರು 1983ರ ಏಳೂವರೆ ನಿಮಿಷದ ಆವೃತ್ತಿ ಬಿಟ್ಟು ಕದಲುವುದಿಲ್ಲ, 1988ರ ರೂಪದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಸರಿ ಅನ್ನೋಣ. ಆದರೆ ಅದೇ ಜನ 'ಮಿಸ್ಸಿಂಗ್' ಹಾಡಿಗೆ ಬಂದರೆ ಪ್ಲೇಟು ಬದಲಾಯಿಸುತ್ತಾರೆ. ಎವೆರಿಥಿಂಗ್ ಬಟ್ ದಿ ಗರ್ಲ್ ಅನ್ನುವ ಜೋಡಿ 1994ರಲ್ಲಿ ಮಾಡಿದ್ದು ಮೆಲ್ಲನೆಯ ಹಾಡು. ಡಿಜೆ ಟಾಡ್ ಟೆರ್ರಿ ಅದಕ್ಕೆ ಕ್ಲಬ್ಬಿನಲ್ಲಿ ಕುಣಿಸುವ ಹೌಸ್ ಬೀಟ್ ಹಾಕಿದ ಮೇಲೆ ದೇಶ ದೇಶಗಳಲ್ಲಿ ಓಡಿತು. ಈಗ ರೀಮಿಕ್ಸೇ ನಿಜವಾದ ಹಾಡಂತೆ! ಒಟ್ಟಿನಲ್ಲಿ ಶುದ್ಧ ಅಂದರೆ ತಾನು ಮೊದಲು ಕೇಳಿದ್ದು, ಅಷ್ಟೇ ಅಲ್ವಾ?

ರೀಮಾಸ್ಟರ್ ಜಗಳ ಬೇರೆಯೇ. ಎಷ್ಟೋ ಸಲ ಅಲ್ಲಿ ಆಗಿರುವುದು ಸುಮ್ನೆ ಸದ್ದು ಜಾಸ್ತಿ ಮಾಡಿದ್ದು, ಮೆಲ್ಲನೆಯ ಜಾಗಕ್ಕೂ ಜೋರು ಜಾಗಕ್ಕೂ ಇದ್ದ ಅಂತರ ಸವೆಸಿದ್ದು. ಇದಕ್ಕೆ ಬೈಯುವವರ ಜೊತೆ ನಾನೂ ಇದ್ದೇನೆ. ಆದರೆ ಬೈಯುವಾಗ ಕೇಳಿಸಲು ಅವರು ಮೊಬೈಲಿನ ಸ್ಪೀಕರ್ ಆನ್ ಮಾಡುತ್ತಾರಲ್ಲ, ಬೇಸ್ ಅನ್ನುವುದೇ ಹೊರಡದ ಆ ಸ್ಪೀಕರ್‌ನಲ್ಲಿ ಏನು ವ್ಯತ್ಯಾಸ ಕೇಳಬೇಕೋ ದೇವರೇ ಬಲ್ಲ.

ಕೊನೆಗೆ ಕ್ಲಬ್‌ನಲ್ಲಿ ಆ ಹಾಡು ಬಂದೇ ಬರುತ್ತದೆ. ಎಲ್ಲರೂ ಕುಣಿಯುತ್ತಾರೆ. ನಮ್ಮ ಅಭಿಮಾನಿಗಳಲ್ಲಿ ಇಬ್ಬರು ಮಾತ್ರ ಗೋಡೆಗೆ ಒರಗಿ ನಿಂತಿರುತ್ತಾರೆ.

"ಬೀಟ್ ನಿಲ್ಲೋ ಆ ಬ್ರೇಕ್‌ಡೌನ್ ಕತ್ತರಿಸಿದ್ದಾನೆ, ಗಮನಿಸಿದ್ಯಾ?"

"ಅದು ಡಬ್ ಮಿಕ್ಸ್ ಗುರು, ಕಿವಿ ಇದ್ಯಾ ನಿಂಗೆ?"

ಅಷ್ಟರಲ್ಲಿ ಡಿಜೆ ಮುಂದಿನ ಹಾಡಿಗೆ ಹೋಗಿರುತ್ತಾನೆ. ಅದಕ್ಕೂ ನಾಲ್ಕು ರೀಮಿಕ್ಸ್ ಇವೆ.