ಸರಾಸರಿ ಗ್ರಾಫ್ ನೋಡಿ ಸುಮ್ಮನೆ ಕೂರಬೇಡಿ

ಈಗಷ್ಟೇ ಮೊದಲ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಕಟ್ಟುತ್ತಿರುವ ಗೆಳೆಯರಿಗೆ ಇದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ 24 ಸರ್ವರ್‌ಗಳ ಒಂದು ಹಡೂಪ್ ಕ್ಲಸ್ಟರ್ ಇತ್ತು. ಡೇಟಾವನ್ನು ಯಂತ್ರಗಳಲ್ಲಿ ಹಂಚಿಡೋದು ಹಡೂಪ್, ಅದರ ಮೇಲೆ ಲೆಕ್ಕ ಓಡಿಸೋದು ಸ್ಪಾರ್ಕ್. ರಾತ್ರಿ 11ಕ್ಕೆ ಶುರುವಾಗುವ ಲೆಕ್ಕದ ಜಾಬ್ ನಡುರಾತ್ರಿ ಕಳೆದು 1ರ ಹೊತ್ತಿಗೆ ಮುಗಿಯುತ್ತಿತ್ತು. ಒಂದು ದಿನ 3ಕ್ಕೆ ಮುಗಿಯಿತು. ಆಮೇಲೆ 4ಕ್ಕೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಅದೇ ಹೊತ್ತಿಗೆ ಆ ಜಾಬಿನ ಕೋಡ್ ಬದಲಿಸಿದ್ದಳು. ಎಲ್ಲರೂ ಅವಳ ಕಡೆಗೇ ಬೆರಳು ತೋರಿಸಿದರು. ಮೂರು ವಾರ ಆಕೆ ಆ ಕೋಡನ್ನು ತಿದ್ದಿದ್ದೇ ತಿದ್ದಿದ್ದು. "ಸರ್, ಹಳೇ ಕೋಡ್ ಹಾಕಿದ್ರೂ ಅಷ್ಟೇ ಟೈಮ್ ತಗೊಳ್ತಿದೆ" ಅಂತ ಒಮ್ಮೆ ಹೇಳಿದಳು ಕೂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ನಮ್ಮ ಡ್ಯಾಶ್‌ಬೋರ್ಡ್ ಎಲ್ಲ ಸರಿಯಿದೆ ಅಂತ ಹೇಳುತ್ತಿತ್ತು. ಇಡೀ ಕ್ಲಸ್ಟರಿನ ಸಿಪಿಯು ಸರಾಸರಿ ಕಡಿಮೆ, ಮೆಮೊರಿ ಬೇಕಾದಷ್ಟು ಖಾಲಿ. ಡಿಸ್ಕ್ ಉತ್ತರ ಕೊಡಲು ತೆಗೆದುಕೊಳ್ಳುವ ಸಮಯದ ಸರಾಸರಿ 24 ಮಿಲಿಸೆಕೆಂಡ್. ಸ್ವಲ್ಪ ಜಾಸ್ತಿ, ಆದರೆ ಗಾಬರಿ ಆಗುವಂಥದ್ದಲ್ಲ.

ಕೊನೆಗೆ ಒಂದು ರಾತ್ರಿ ಕೂತು ಒಂದೊಂದೇ ಯಂತ್ರಕ್ಕೆ ಲಾಗಿನ್ ಆಗಿ, ಡಿಸ್ಕ್ ಎಷ್ಟು ಹೊತ್ತು ತಗೊಳ್ತಿದೆ ಅಂತ ತೋರಿಸುವ ಐಯೋಸ್ಟ್ಯಾಟ್ ಕಮಾಂಡ್ ಓಡಿಸಿದೆ. 8 ಮಿಲಿಸೆಕೆಂಡ್, 8, 7, 9. ಹೀಗೇ ಹೋಯಿತು. 17ನೇ ಯಂತ್ರಕ್ಕೆ ಬಂದಾಗ 400! ಕರ್ನಲ್ ಲಾಗ್ (ಆಪರೇಟಿಂಗ್ ಸಿಸ್ಟಮ್ ಬರೆದಿಡುವ ದಾಖಲೆ) ತೆಗೆದರೆ ಅದೇ ಡಿಸ್ಕಿನ ರೀಡ್ ಎರರ್‌ಗಳು ಸಾಲುಸಾಲಾಗಿ ಬಿದ್ದಿದ್ದವು. ಲೆಕ್ಕ ಹಾಕಿ ನೋಡಿ. 23 ಯಂತ್ರಗಳು ಸುಮಾರು 8, ಒಂದು 400. ಸರಾಸರಿ 24 ಬರುತ್ತದೆ. ಸಾಯುತ್ತಿದ್ದ ಡಿಸ್ಕ್ ಆ 24ರ ಒಳಗೆ ಮೂರು ವಾರ ಅಡಗಿ ಕೂತಿತ್ತು.

ಒಂದು ಯಂತ್ರ ನಿಧಾನವಾದರೆ ಇಡೀ ಜಾಬ್ ಯಾಕೆ ನಿಧಾನ ಆಗಬೇಕು ಅಂತ ಕೇಳಬಹುದು. ಮದುವೆ ಮನೆಯ ಪಂಕ್ತಿ ನೆನೆಸಿಕೊಳ್ಳಿ. ಇಪ್ಪತ್ತಮೂರು ಜನ ಮಜ್ಜಿಗೆ ಕುಡಿದು ಕೈ ಒಣಗಿಸಿಕೊಂಡು ಕೂತಿರುತ್ತಾರೆ, ಕೊನೆಯ ಎಲೆಯವರು ಇನ್ನೂ ಸಾರಿನಲ್ಲೇ ಇರುತ್ತಾರೆ. ಅವರು ಮುಗಿಸದೆ ಪಂಕ್ತಿ ಏಳೋ ಹಾಗಿಲ್ಲ, ಮುಂದಿನ ಪಂಕ್ತಿ ಕೂರೋ ಹಾಗಿಲ್ಲ. ಸ್ಪಾರ್ಕಿನ ಒಂದು ಹಂತ ಮುಗಿದು ಮುಂದಿನದು ಶುರುವಾಗೋದೂ ಹೀಗೇ. ಇನ್ನೊಂದು ತೊಂದರೆಯೂ ಇದೆ. ಹಡೂಪ್‌ನಲ್ಲಿ ಬರೆಯುವ ಪ್ರತಿ ಬ್ಲಾಕ್ (ಫೈಲಿನ ಒಂದು ತುಂಡು) ಸಾಮಾನ್ಯವಾಗಿ 3 ಯಂತ್ರಗಳಿಗೆ ಒಂದರಿಂದ ಒಂದಕ್ಕೆ ದಾಟಿ ಹೋಗುತ್ತದೆ. ಆ ಸಾಲಿನಲ್ಲಿ 17ನೇ ಯಂತ್ರ ಸಿಕ್ಕಿತೋ, ಉಳಿದೆರಡೂ ಅದಕ್ಕಾಗಿ ಕಾಯಬೇಕು.

ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಆಂಡ್ರೆ ಬರೋಸೊ 2013ರ ಒಂದು ಲೇಖನದಲ್ಲಿ ಈ ಲೆಕ್ಕವನ್ನು ತೋರಿಸಿದ್ದಾರೆ. ಒಂದು ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ಜಾಸ್ತಿ ತಡಮಾಡುತ್ತದೆ ಅಂತಿಟ್ಟುಕೊಳ್ಳಿ. ಒಂದು ಕೆಲಸಕ್ಕೆ ಅಂಥ 100 ಸರ್ವರ್‌ಗಳ ಉತ್ತರವೂ ಬೇಕು ಅಂದರೆ ನೂರರಲ್ಲಿ 63 ಕೆಲಸಗಳು ತಡವಾಗುತ್ತವೆ. ಇದನ್ನು ಓದಿದ ಮೇಲೆ ಸರಾಸರಿ ಮೇಲೆ ನನಗಿದ್ದ ನಂಬಿಕೆ ಪೂರ್ತಿ ಹೋಯಿತು.

ಆಮೇಲೆ ಮಾನಿಟರಿಂಗ್ ಹೊಸದಾಗಿ ಹಾಕಿದೆವು. ಪ್ರತಿ ಯಂತ್ರದಲ್ಲೂ ಅದರ ಅಂಕಿಗಳನ್ನು ಒದಗಿಸಲು ನೋಡ್ ಎಕ್ಸ್‌ಪೋರ್ಟರ್, 15 ಸೆಕೆಂಡಿಗೊಮ್ಮೆ ಅಂಕಿಗಳನ್ನು ಎಳೆದುಕೊಳ್ಳಲು ಪ್ರೊಮಿಥಿಯಸ್, ನೋಡಲು ಗ್ರಾಫಾನಾ. ಇಷ್ಟು ಹಾಕೋದು ಅರ್ಧ ದಿನದ ಕೆಲಸ, ಇಂಟರ್ನೆಟ್ ತುಂಬಾ ವಿವರ ಇದೆ. ಪ್ರೊಮಿಥಿಯಸ್ ಮಾತ್ರ ಕ್ಲಸ್ಟರಿನ ಹೊರಗಿನ ಯಂತ್ರದಲ್ಲೇ ಇರಲಿ. ಕ್ಲಸ್ಟರ್ ಬಿದ್ದಾಗ ಅದೂ ಜೊತೆಗೆ ಬಿದ್ದರೆ ಏನು ಪ್ರಯೋಜನ ಅಲ್ವಾ?

ಪ್ರೊಮಿಥಿಯಸ್ ಹಳೆಯ ಅಂಕಿಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಅನ್ನೋದನ್ನು ಜನ ಮರೆಯುತ್ತಾರೆ. ನಾವು ಏನೂ ಹೇಳದಿದ್ದರೆ 15 ದಿನ ಅಷ್ಟೇ. ನಮ್ಮ ತೊಂದರೆ ಮೂರು ವಾರದ್ದು. "ಮೊದಲು ಹೇಗಿತ್ತು" ಅಂತ ತಿರುಗಿ ನೋಡಲು ಏನೂ ಉಳಿದಿರುತ್ತಿರಲಿಲ್ಲ. ಕನಿಷ್ಠ ಮೂರು ತಿಂಗಳು ಇಡಿ. ಜಾಬ್ ಐಡಿಯನ್ನು ಲೇಬಲ್ (ಅಂಕಿಗಳಿಗೆ ಅಂಟಿಸುವ ಗುರುತು) ಮಾಡಬೇಡಿ, ಪ್ರತಿ ಹೊಸ ಐಡಿಗೂ ಅಂಕಿಗಳ ಹೊಸ ಸಾಲು ಹುಟ್ಟಿ ಮೆಮೊರಿ ತುಂಬಿ ಹೋಗುತ್ತದೆ.

ಹೊಸ ಡ್ಯಾಶ್‌ಬೋರ್ಡಿನ ಮೇಲಿನ ಜಾಗದಲ್ಲಿ ಸರಾಸರಿ ಇಡಲಿಲ್ಲ. ಡಿಸ್ಕ್ ಅತಿ ನಿಧಾನ ಇರುವ ಮೂರು ಯಂತ್ರಗಳ ಹೆಸರು ಹಾಕಿದೆವು. ಅದರ ಕೆಳಗೆ ವೇಗದಲ್ಲಿ ಮಧ್ಯದ ಯಂತ್ರಕ್ಕೂ ಅತಿ ನಿಧಾನದ ಯಂತ್ರಕ್ಕೂ ಎಷ್ಟು ಅಂತರ ಅನ್ನೋ ಗೆರೆ. ಗ್ಯಾಂಗ್ಲಿಯಾ ಅನ್ನೋ ಹಳೆಯ ಮಾನಿಟರಿಂಗ್ ಸಾಫ್ಟ್‌ವೇರ್ ಬಳಸಿದವರಿಗೆ ನೆನಪಿರಬಹುದು. ಅದರಲ್ಲಿ ಪ್ರತಿ ಯಂತ್ರಕ್ಕೂ ಒಂದು ಪುಟ್ಟ ಗ್ರಾಫ್ ಇರುತ್ತಿತ್ತು, ಎಲ್ಲವೂ ಒಂದೇ ಪುಟದಲ್ಲಿ. ಬೇರೆ ಥರ ಕಾಣೋದು ತಕ್ಷಣ ಕಣ್ಣಿಗೆ ಬೀಳುತ್ತಿತ್ತು. ಅಂಥದ್ದೇ ಒಂದು ಪುಟವನ್ನು ಗ್ರಾಫಾನಾದಲ್ಲೂ ಮಾಡಿಟ್ಟೆವು.

ಲೋಡ್ (ಓಡುತ್ತಿರುವ, ಕಾಯುತ್ತಿರುವ ಪ್ರೋಸೆಸ್‌ಗಳ ಲೆಕ್ಕ) ಜಾಸ್ತಿ ಕಂಡ ಕೂಡಲೇ ಸಿಪಿಯು ಸಾಲ್ತಿಲ್ಲ ಅಂದುಕೊಳ್ಳಬೇಡಿ. ಲಿನಕ್ಸ್ ಆ ಲೆಕ್ಕದಲ್ಲಿ ಡಿಸ್ಕಿಗಾಗಿ ಕಾಯುತ್ತಿರುವ ಪ್ರೋಸೆಸ್‌ಗಳನ್ನೂ ಸೇರಿಸುತ್ತದೆ. 17ನೇ ಯಂತ್ರದ ಲೋಡ್ ಎಲ್ಲಕ್ಕಿಂತ ಜಾಸ್ತಿ ಇತ್ತು, ಅದರ ಸಿಪಿಯು ಮಾತ್ರ ಕೆಲಸವಿಲ್ಲದೆ ಕೂತಿತ್ತು.

ಅಲರ್ಟ್ ಕಡಿಮೆ ಇಡಿ. ರಾತ್ರಿ 2ಕ್ಕೆ ಒಬ್ಬರನ್ನು ಎಬ್ಬಿಸಿದರೆ ಎದ್ದ ಮೇಲೆ ಅವರು ಮಾಡುವಂಥ ಕೆಲಸ ಏನಾದರೂ ಇರಬೇಕು. ಇಲ್ಲದಿದ್ದರೆ ಆ ಅಲರ್ಟ್ ತೆಗೆದುಬಿಡಿ. ಸುಮ್ನೆ ಬಡಿದುಕೊಳ್ಳುವ ಅಲರ್ಟನ್ನು ಜನ ಒಂದೇ ವಾರದಲ್ಲಿ ಮ್ಯೂಟ್ ಮಾಡುತ್ತಾರೆ, ನಿಜವಾದದ್ದು ಬಂದಾಗಲೂ ಯಾರೂ ಏಳುವುದಿಲ್ಲ.

17ನೇ ಯಂತ್ರವನ್ನು ಕ್ಲಸ್ಟರಿನಿಂದ ಹೊರಗಿಟ್ಟ ರಾತ್ರಿ ಜಾಬ್ 12:50ಕ್ಕೆ ಮುಗಿಯಿತು. ಆ ಹುಡುಗಿಗೆ ಆಗಲೇ ಮೆಸೇಜ್ ಹಾಕಿದೆ. ಅಷ್ಟು ಹೊತ್ತಿನಲ್ಲೂ ಎದ್ದೇ ಇದ್ದಳು. "ಯಾವ ಕೋಡ್ ಓಡಿದ್ದು ಸರ್, ಹಳೇದಾ ಹೊಸದಾ?" ಅಂತ ಕೇಳಿದಳು.

"ಹೊಸದೇ. ನಿಮ್ಮದೇ" ಅಂತ ಬರೆದೆ.