ಕೊಲೆಗಾರನ ತಲೆಯೊಳಗೆ ಏನಿತ್ತು ಅಂತ ಇನ್ನೂ ಎಷ್ಟು ದಿನ ಕೇಳೋಣ?

ಯೂಟ್ಯೂಬ್‌ನಲ್ಲಿ ಸಯನೈಡ್ ಮೋಹನ್ ಅಂತ ಹುಡುಕಿ ನೋಡಿ. ವಿಡಿಯೋಗಳ ಸಾಲೇ ಬರುತ್ತದೆ. ದಪ್ಪ ಕೆಂಪು ಅಕ್ಷರ, ಎದೆ ನಡುಗಿಸುವ ಸಂಗೀತ, ನಡುವೆ ಅವನ ಮುಖ. ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಇಂಥವನಾಗಿದ್ದು ಹೇಗೆ?

ಇಂಥದ್ದನ್ನು ನೋಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಾನೂ ಅಡುಗೆ ಮಾಡುವಾಗ ಕ್ರೈಂ ಪಾಡ್‌ಕಾಸ್ಟ್ ಕೇಳುತ್ತೇನೆ, ನನ್ನ ಗೆಳತಿಯರೂ ಕೇಳುತ್ತಾರೆ. ಹೆಂಗಸರಿಗೆ ಯಾಕೆ ಈ ಕೊಲೆ ಕಥೆ ಅನ್ನುವವರು ಒಂದು ತಿಳಿದುಕೊಳ್ಳಬೇಕು. ರಾತ್ರಿ ಬಸ್ ಇಳಿದು ಮನೆಗೆ ನಡೆಯುವಾಗ ಹಿಂದೆ ತಿರುಗಿ ತಿರುಗಿ ನೋಡುವವರು ನಾವು. ಅಪಾಯ ಯಾವ ಮುಖ ಇಟ್ಟುಕೊಂಡು ಬರುತ್ತದೆ ಅಂತ ತಿಳಿಯುವ ಆಸೆ ನಮಗೆ ಜಾಸ್ತಿ ಇದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನನ್ನ ತಕರಾರು ಆ ಕುತೂಹಲ ಎಲ್ಲಿಗೆ ಹೋಗಿ ನಿಂತುಬಿಡುತ್ತದೆ ಅನ್ನುವುದರ ಬಗ್ಗೆ.

ಪ್ರಕರಣ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ದಕ್ಷಿಣ ಕನ್ನಡದಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದ ಮೋಹನ್ ಕುಮಾರ್ ಬಡವರ ಮನೆಯ ಹೆಣ್ಣುಮಕ್ಕಳ ಪರಿಚಯ ಮಾಡಿಕೊಳ್ಳುತ್ತಿದ್ದ. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಅನ್ನುತ್ತಿದ್ದ. ಮೈಸೂರು, ಮಡಿಕೇರಿ ಹೀಗೆ ಬೇರೆ ಊರಿಗೆ ಕರೆದುಕೊಂಡು ಹೋಗಿ ಲಾಡ್ಜ್‌ನಲ್ಲಿ ಅತ್ಯಾಚಾರ ಮಾಡುತ್ತಿದ್ದ. ಮರುದಿನ ಒಡವೆಯನ್ನೆಲ್ಲ ರೂಮಿನಲ್ಲೇ ಬಿಡಿಸಿ ಬಸ್ ಸ್ಟ್ಯಾಂಡಿಗೆ ಕರೆತರುತ್ತಿದ್ದ. ಗರ್ಭ ನಿಲ್ಲದ ಹಾಗೆ ಅಂತ ಮಾತ್ರೆ ಕೊಡುತ್ತಿದ್ದ. ಅದು ಸಯನೈಡ್. ಅವರು ಹೆಂಗಸರ ಶೌಚಾಲಯದಲ್ಲಿ ಕುಸಿದು ಸಾಯುತ್ತಿದ್ದರು, ಇವನು ಒಡವೆ ಎತ್ತಿಕೊಂಡು ಊರಿಗೆ ಹೋಗುತ್ತಿದ್ದ. 2009ರ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಮರಣದಂಡನೆ ಕೊಟ್ಟಿತು. 20ನೇ ಪ್ರಕರಣದ ತೀರ್ಪು ಬಂದಿದ್ದು 2020ರ ಜೂನ್‌ನಲ್ಲಿ.

ಇಪ್ಪತ್ತು ಹೆಣ್ಣುಮಕ್ಕಳು. ಬಸ್ ಸ್ಟ್ಯಾಂಡ್ ಅಂದರೆ ಯಾರೂ ಇಲ್ಲದ ಕಾಡಲ್ಲ. ಹಗಲು ಹೊತ್ತು, ನೂರಾರು ಜನರ ಮಧ್ಯೆ. ಒಂದಾದ ಮೇಲೆ ಒಂದು ಸಾವು, ಅದೂ ಒಂದೇ ರೀತಿ. ಆದರೂ ವರ್ಷಗಟ್ಟಲೆ ಯಾರಿಗೂ ಇವನ್ನು ಜೋಡಿಸಿ ನೋಡಬೇಕು ಅನ್ನಿಸಲಿಲ್ಲ. ನನಗೆ ನಿದ್ದೆ ಕೆಡಿಸುವುದು ಇದು.

ಯಾಕೆ ಅನ್ನಿಸಲಿಲ್ಲ? ಹೆಣ ಸಿಕ್ಕಿದ ಊರಿನಲ್ಲಿ ಅವಳು ಯಾರೋ ಅಪರಿಚಿತ ಹೆಂಗಸು. ಅಸಹಜ ಸಾವು ಅಂತ ಒಂದು ಫೈಲ್ ಆಗುತ್ತಿತ್ತು, ಆತ್ಮಹತ್ಯೆ ಇರಬೇಕು ಅಂತ ಅಂದುಕೊಂಡರೆ ಮುಗಿಯಿತು. ಅವಳ ಸ್ವಂತ ಊರಿನಲ್ಲಿ? ಅಲ್ಲಿ ಅವಳು ಯಾರ ಜೊತೆಯೋ ಓಡಿಹೋದವಳು. ಸ್ಟೇಷನ್ ಮೆಟ್ಟಿಲು ಹತ್ತಿದರೆ ಮಾನ ಹೋಗುತ್ತದೆ, ಹಿಂದೆ ಇನ್ನೂ ಮದುವೆಯಾಗಬೇಕಾದ ತಂಗಿಯರಿದ್ದಾರೆ ಅಂತ ಯೋಚಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಎಲ್ಲಾದರೂ ಚೆನ್ನಾಗಿರಲಿ ಅಂತ ಸುಮ್ಮನಾಗಿಬಿಡುತ್ತಾರೆ. ಒಂದು ಊರಿನಲ್ಲಿ ಹೆಸರಿಲ್ಲದ ಹೆಣ, ಇನ್ನೊಂದು ಊರಿನಲ್ಲಿ ಹೆಣವಿಲ್ಲದ ಹೆಸರು. ಇವೆರಡೂ ಒಬ್ಬಳೇ ಅಂತ ಹೇಳುವವರು ಯಾರೂ ಇರಲಿಲ್ಲ.

ಅವನು ಕೊನೆಗೆ ಸಿಕ್ಕಿದ್ದು ಹೇಗೆ ಅನ್ನುವುದನ್ನೂ ನೋಡಿ. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಈ ಸಲ ಅವಳ ಕಡೆಯವರು ಸುಮ್ಮನಿರಲಿಲ್ಲ. ಗಲಾಟೆಯಾಯಿತು, ಹುಡುಕಿಕೊಡಿ ಅಂತ ಒತ್ತಡ ಬಿತ್ತು. ಪೊಲೀಸರು ಫೋನ್ ಕರೆಗಳ ಜಾಡು ಹಿಡಿದು ಹೋದಾಗ ಅದು ಕಾಣೆಯಾದ ಇನ್ನೊಬ್ಬ ಹೆಂಗಸಿನ ಕಡೆಗೆ, ಅಲ್ಲಿಂದ ಮತ್ತೊಬ್ಬಳ ಕಡೆಗೆ ಹೋಯಿತು. ಅಂದರೆ ಜಾಡು ಮೊದಲೂ ಇತ್ತು. ಹಿಡಿದು ಹೋಗುವಷ್ಟು ಆ ಹೆಣ್ಣುಮಕ್ಕಳು ಯಾರಿಗೂ ಮುಖ್ಯವಾಗಿರಲಿಲ್ಲ, ಅಷ್ಟೇ.

ಮನುಷ್ಯನೊಳಗಿನ ಕತ್ತಲೆ ಅರ್ಥ ಮಾಡಿಕೊಳ್ಳಬೇಕು ಅಂತ ಹೇಳುತ್ತೇವಲ್ಲ, ಅದು ಬರೀ ಅವನೊಬ್ಬನ ತಲೆಯಲ್ಲಿ ಇತ್ತು ಅಂದುಕೊಂಡರೆ ನಮಗೆ ಆರಾಮ. ರಾಕ್ಷಸ ಹುಟ್ಟಿದ್ದ, ಹಿಡಿದರು, ಜೈಲಿಗೆ ಹಾಕಿದರು. ಆದರೆ ವರದಕ್ಷಿಣೆ ಬೇಡ ಅನ್ನುವ ಒಂದು ಮಾತಿಗೆ ಅಷ್ಟು ಬೆಲೆ ತಂದುಕೊಟ್ಟಿದ್ದು ಅವನಲ್ಲ. ವಯಸ್ಸು ಮೀರುತ್ತಿದೆ ಅಂತ ದಿನಾ ಚುಚ್ಚಿಸಿಕೊಂಡ ಹುಡುಗಿಗೆ, ಕೂಲಿ ಮಾಡಿ ಒಂದೆರಡು ಚೂರು ಚಿನ್ನ ಕೂಡಿಟ್ಟವಳಿಗೆ ಆ ಮಾತು ಹೇಗೆ ಕೇಳಿಸಿರಬೇಕು?

ಇನ್ನು ಆ ವಿಡಿಯೋಗಳ ಕೆಳಗಿನ ಕಾಮೆಂಟುಗಳು. ಗುರುತು ಪರಿಚಯ ಇಲ್ಲದವನ ಜೊತೆ ಹೋಗುವಾಗ ಬುದ್ಧಿ ಬೇಡ್ವಾ ಅಂತ ಬರೆಯುತ್ತಾರೆ. ಓದಿದರೆ ಮೈ ಉರಿಯುತ್ತದೆ. ಮದುವೆಯಾಗುತ್ತೇನೆ ಅಂದವನನ್ನು ನಂಬಿದ್ದು ಅವರ ತಪ್ಪಂತೆ. ಹುಡುಗ ಹೇಗೆ, ಏನು ಅಂತ ಸರಿಯಾಗಿ ವಿಚಾರಿಸದೆ ಹೆಣ್ಣು ಕೊಡುವ ಮನೆಗಳು ಇವತ್ತಿಗೂ ಇವೆ. ಆ ಹಿರಿಯರಿಗೆ ಯಾರೂ ಬುದ್ಧಿ ಬೇಡ್ವಾ ಅನ್ನುವುದಿಲ್ಲ.

ಆ ಹೆಣ್ಣುಮಕ್ಕಳ ಹೆಸರು ನಾನು ಇಲ್ಲಿ ಬರೆದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಬಾರದು ಅಂತ ನಮ್ಮ ಕಾನೂನೇ ಹೇಳುತ್ತದೆ, ಸತ್ತವರಿಗೂ ಅದು ಅನ್ವಯಿಸುತ್ತದೆ. ಕಾನೂನು ಇಲ್ಲದಿದ್ದರೂ ಬರೆಯುತ್ತಿರಲಿಲ್ಲ. ಅವರ ಅಕ್ಕತಂಗಿಯರು, ಅಣ್ಣತಮ್ಮಂದಿರು ಇದೇ ಫೇಸ್‌ಬುಕ್‌ನಲ್ಲಿ ಇರಬಹುದು. ಮನೆಯ ಮಗಳ ಕೊನೆಯ ಗಳಿಗೆಯನ್ನು ಯಾರೋ ನಟಿಸಿ ತೋರಿಸಿದ್ದು ಅವರ ಫೋನಿಗೂ ಬರುತ್ತದೆ. ವಿಡಿಯೋ ಮಾಡುವವರು ಇದನ್ನೊಮ್ಮೆ ನೆನಪಿಟ್ಟುಕೊಂಡರೆ ಆ ಶೌಚಾಲಯದ ಒಳಗೆ ಕ್ಯಾಮೆರಾ ಇಡಲು ಕೈ ಬರಲಿಕ್ಕಿಲ್ಲ.

ಕ್ರೈಂ ಚಾನೆಲ್ ನಡೆಸುವ ಕೆಲವರು ನನ್ನ ಫ್ರೆಂಡ್ಸ್ ಲಿಸ್ಟಿನಲ್ಲೇ ಇದ್ದೀರಿ. ಒಂದು ಎಪಿಸೋಡ್ ಅವನ ಮುಖ ಇಲ್ಲದೆ ಮಾಡಿ. ಅಪರಿಚಿತ ಶವ ಸಿಕ್ಕಾಗ ಸ್ಟೇಷನ್‌ನಲ್ಲಿ ಏನೇನು ನಡೆಯುತ್ತದೆ, ಬೇರೆ ಜಿಲ್ಲೆಯ ಕಾಣೆಯಾದವರ ಪಟ್ಟಿಯ ಜೊತೆ ಅದನ್ನು ಯಾರು ತಾಳೆ ನೋಡುತ್ತಾರೆ, ಮಗಳು ಕಾಣೆಯಾದರೆ ದೂರು ಕೊಡಲು ಹೋದ ಅಪ್ಪ ಅಮ್ಮನ ಹತ್ತಿರ ಯಾವ ದನಿಯಲ್ಲಿ ಮಾತಾಡುತ್ತಾರೆ, ಇದನ್ನೆಲ್ಲ ಕೇಳಿ ತಿಳಿದು ಹೇಳಿ. ಮಾಡಿದರೆ ಇಲ್ಲೇ ಲಿಂಕ್ ಹಾಕಿ. ನಾನು ಪೂರ್ತಿ ಕೇಳುತ್ತೇನೆ, ಹತ್ತು ಜನರಿಗೆ ಕಳಿಸುತ್ತೇನೆ.